ವೇಫರಿನ ಖಾರ ಯಾರ ಮನೆಯದು?

ಹೆಸರಿಗಾಗಿ ಆಸೆಪಡಬಾರದು ಎಂದು ಉಪದೇಶ ಮಾಡುವವರೆಲ್ಲ ಆಗಲೇ ಒಂದಿಷ್ಟು ಹೆಸರು ಮಾಡಿಕೊಂಡವರೇ ಎಂಬುದು ನನ್ನ ಅನುಮಾನ. ನನಗಂತೂ ಆಸೆಯಿದೆ. ದೊಡ್ಡ ಹೆಸರೇನೂ ಬೇಡ. ಡೊಂಬಿವಲಿಯಿಂದ ಹಿಡಿದು ಕಲ್ಯಾಣ, ಠಾಣೆ, ನವಿ ಮುಂಬಯಿವರೆಗೆ ಜನ ಚಪ್ಪರಿಸುವ ಆ ಕೆಂಪು ಪುಡಿಯ ಆಲೂಗಡ್ಡೆ ವೇಫರ್ ಇದೆಯಲ್ಲ, ಅದರ ಖಾರ ಹುಟ್ಟಿದ್ದು ನನ್ನ ಅಡುಗೆಮನೆಯಲ್ಲಿ ಎಂದು ಯಾರಾದರೂ ಒಪ್ಪಿಕೊಂಡಿದ್ದರೆ ಸಾಕಿತ್ತು.

ನಾನು ಮದುವೆಯಾಗಿ ಧಾರವಾಡದಿಂದ ಡೊಂಬಿವಲಿಗೆ ಬಂದ ಹೊಸತು. ಒಂದು ಸಂಜೆ ಕೆಳಗಿನ ಮನೆಯ ಜೋಶಿ ಕಾಕು ಅರಿಷಿಣ-ಕುಂಕುಮಕ್ಕೆ ಬಂದರು. ಮನೆಯಲ್ಲಿದ್ದದ್ದು ಸ್ಟೇಷನ್ ಹತ್ತಿರದ ಅಂಗಡಿಯ ವೇಫರ್, ಅದೂ ಸಪ್ಪೆ. ಸಪ್ಪೆ ತಿನಿಸು ಎದುರಿಗಿಟ್ಟರೆ ನಮ್ಮ ಕಡೆ ಮರ್ಯಾದೆ ಹೋದ ಹಾಗೆ. ಡಬ್ಬಿಯಲ್ಲಿದ್ದ ಚಟ್ನಿಪುಡಿ ಸುರಿದು ಕಲಸಿ ಕೊಟ್ಟೆ. ಕಾಕು ಬಟ್ಟಲು ಖಾಲಿ ಮಾಡಿದ್ದಷ್ಟೇ ಅಲ್ಲ, ಮರುದಿನ ಆ ಅಂಗಡಿಯವನನ್ನೇ ನಮ್ಮ ಮನೆಗೆ ಕಳಿಸಿದರು. ನಾನು ದೊಡ್ಡ ಮನಸ್ಸು ಮಾಡಿ ಪುಡಿಯ ರೀತಿಯನ್ನೆಲ್ಲ ಹೇಳಿಕೊಟ್ಟೆ. ಆ ದೊಡ್ಡ ಮನಸ್ಸಿಗಿಷ್ಟು ಬೆಂಕಿ ಹಾಕ!

ನೋಡನೋಡುತ್ತ ಅದು ಊರೂರಿಗೆ ಹಬ್ಬಿತು. ಹೋದಲ್ಲೆಲ್ಲ ಅದಕ್ಕೊಬ್ಬ ಹೊಸ ಅಪ್ಪ. ನವಿ ಮುಂಬಯಿಯ ಕೋಪರಖೈರಣೆಯಲ್ಲಿರುವ ನನ್ನ ಸ್ವಂತ ತಮ್ಮನೇ ಒಂದು ಪೊಟ್ಟಣ ಮುಂದಿಟ್ಟು, “ಅಕ್ಕಾ, ಇದು ನಮ್ಮ ಏರಿಯಾದ್ದ ಸ್ಪೆಷಲ್, ನಿಮ್ಮ ಕಡೆ ಸಿಗಂಗಿಲ್ಲ” ಎಂದಾಗ ನನ್ನ ಮೈಯೆಲ್ಲ ಉರಿಯಿತು. ಯಜಮಾನರ ಹತ್ತಿರ ಗೋಳಾಡಿದರೆ, “ಹೋಗ್ಲಿ ಬಿಡ. ಖಾರ ಉದುರ್ಸಿದ್ದಕ್ಕ ಸ್ಟೇಷನ್ ಮುಂದ ನಿನ್ನ ಪುತ್ಥಳಿ ನಿಲ್ಲಸಬೇಕೇನು?” ಎನ್ನುತ್ತ ಅದೇ ವೇಫರ್ ಕುರುಕುರು ತಿಂದರು.

ಇದರ ನಡುವೆ ಅದು ಉಪವಾಸದ ತಿಂಡಿಯೂ ಆಯಿತು. ಇಲ್ಲಿಯವರ ಉಪವಾಸಕ್ಕೆ ಆಲೂಗಡ್ಡೆ ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಮೆಣಸಿನಕಾಯಿಯೂ ನಡೆಯುತ್ತದೆ. ಕಾಳು-ಬೇಳೆ ಮಾತ್ರ ಒಂದು ಚೂರೂ ನಡೆಯದು. ನಮ್ಮ ಮನೆಯ ಉಪವಾಸವೆಂದರೆ ಅನ್ನ ಬಿಟ್ಟು ತಟ್ಟೆ ತುಂಬ ಉಪ್ಪಿಟ್ಟು ತಿನ್ನುವುದು. ಹಾಗಾಗಿ ಈ ಸೂಕ್ಷ್ಮಗಳಿಗೆ ನಾನು ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೀಗೆ ಹತ್ತು ವರ್ಷ ಕಳೆದ ಮೇಲಿನ ಒಂದು ಆಷಾಢ ಏಕಾದಶಿ. ಕಾಕು ಮನೆಯಲ್ಲಿ ಭಜನೆ. ಸೊಸೈಟಿಯ ಹೆಂಗಸರೆಲ್ಲ ಸೇರಿದ್ದರು. ಠಾಣೆಯ ಮಾಜಿವಾಡಾದಿಂದ ಬಂದಿದ್ದ ಕಾಕುವಿನ ನಾದಿನಿ ವೇಫರಿನ ತಟ್ಟೆ ತಿರುಗಿಸುತ್ತ, “ಇದು ಮೊದಲು ಶುರುವಾದದ್ದೇ ನಮ್ಮ ಠಾಣೆಯಲ್ಲಿ” ಎಂದರು. ಕಾಕುವೂ ತಲೆಯಾಡಿಸುವುದೇ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನನ್ನ ಹರಕುಮುರುಕು ಮರಾಠಿಯಲ್ಲಿ ಪುಡಿಯ ಪಾಠವನ್ನೇ ಒಪ್ಪಿಸಿದೆ: “ಬ್ಯಾಡಗಿ ಮೆಣಸಿನಕಾಯಿ, ಹದವಾಗಿ ಹುರಿದ ಶೇಂಗಾ, ಜೀರಿಗೆ, ಚೂರು ಬೆಲ್ಲ. ಗುಟ್ಟು ಇರುವುದು ಮುಂದೆ. ಎಣ್ಣೆ ಹೀರಿಕೊಳ್ಳಲಿ ಅಂತ ಮೂರು ಹಿಡಿ ಪುಟಾಣಿ, ಅದೇ ಹುರಿಗಡಲೆ! ನಿಮ್ಮ ಠಾಣೆಯವರಿಗೆ ಇದು ಗೊತ್ತೇನು?”

ಕುರುಕುರು ಸದ್ದು ನಿಂತಿತು. ಕಾಕು ಬಾಯಿಗೆ ಒಯ್ದಿದ್ದ ವೇಫರನ್ನು ತಟ್ಟೆಗೆ ಹಾಕಿ, “ಅಗಬಾಯಿ! ಕಡಲೆಯಾ? ಹಾಗಾದರೆ ಇಷ್ಟು ವರ್ಷದ ಏಕಾದಶಿಗಳೆಲ್ಲ?” ಎಂದರು. ನಾದಿನಿ ಎಲ್ಲರಿಗಿಂತ ಮೊದಲು ಕೈ ತೊಳೆದುಕೊಂಡರು. “ನಮ್ಮ ಠಾಣೆಯವರು ಇಂಥ ಕೆಲಸ ಮಾಡುವವರಲ್ಲ. ಇದು ಇವರದ್ದೇ.” ಕಾಕುವಿಗೂ ಫಕ್ಕನೆ ನೆನಪು ಮರಳಿತು. “ಹೌದು, ಹೌದು! ಅಂಗಡಿಯವನನ್ನು ಇವಳ ಮನೆಗೆ ಕಳಿಸಿದವಳೇ ನಾನು.” ಹತ್ತು ವರ್ಷದಿಂದ ಯಾರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ಇಡೀ ಕೋಣೆ ಒಕ್ಕೊರಲಿನಿಂದ ಒಪ್ಪಿಕೊಂಡಿತು.

ಮುಖ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂದಿತ್ತು. ಹಿಂದಿನಿಂದ ಕಾಕು ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸಿತು: “ಮಾಡಿದ್ದು ಯಾರು ಅಂತೀಯಾ? ನಮ್ಮ ಮೇಲಿನ ಮಹಡಿಯ ಆ ಕಾನಡಿ ಹೆಂಗಸು!” ನನ್ನ ಕಾಲು ಅಲ್ಲೇ ನಿಂತಿತು. ನಮ್ಮ ಮಹಡಿಯಲ್ಲಿ ಉಡುಪಿಯ ಶೆಟ್ಟರ ಹೆಂಡತಿಯೂ ಕಾನಡಿಯೇ, ಅಂದರೆ ಕನ್ನಡದವಳೇ. ಅರ್ಧ ಮೆಟ್ಟಿಲು ಇಳಿದು, ಕಟಕಟೆಯ ಮೇಲೆ ಬಾಗಿ ಕೂಗಿದೆ: “ಕಾಕು, ಹೆಸರು ಹೇಳಿ! ಸುಧಾ ಅಂತ ಸರಿಯಾಗಿ ಹೇಳಿ!”