ಕರು ಹಾಕುವ ಮಾವ

ನನ್ನ ಸೋದರಮಾವ ಇದುವರೆಗೆ ಎಷ್ಟು ಸಲ ಕರು ಹಾಕಿದ್ದಾರೋ ಅವರಿಗೇ ಲೆಕ್ಕವಿಲ್ಲ! ನಗಬೇಡಿ. ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ, ತೂಬಗೆರೆಯ ತಮ್ಮ ಕೊಟ್ಟಿಗೆಯಲ್ಲಿ ಹಸು ಸಾಕುವವರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆ. ಬರೀ ಬಾಯಿಮಾತಿನ ಪಾಠಕ್ಕೆ ಮಾವನೇ ಬೇಕೆ? ತಳ ಕಿತ್ತ ಪ್ಲಾಸ್ಟಿಕ್ ಡ್ರಮ್ಮೇ ಹೊಟ್ಟೆ, ಹಳೇ ಕಂಬಳಿಯಲ್ಲಿ ಹೊಲಿದದ್ದು ಕರು, ಅದರ ಮೈಗೆಲ್ಲ ಲೋಳೆಸರ. ಡ್ರಮ್ಮಿನ ಮುಂದೆ ಕೈಕಾಲೂರಿ ನಿಂತ ಮಾವನೇ ಹಸು! ತಿಣುಕುತ್ತಾರೆ, ಅಂಬಾ ಎನ್ನುತ್ತಾರೆ, ನಮ್ಮ ಕೈ ಒರಟಾದರೆ ಹಿಂಗಾಲು ಝಾಡಿಸುತ್ತಾರೆ.

ತಪ್ಪಿದರೆ ಹಸು ಸತ್ತಂತೆ. ಅಷ್ಟಕ್ಕೇ ಬಿಟ್ಟಾರೆಯೇ? ಕಲಿಯುವವರೇ ಅಡುಗೆಮನೆಗೆ ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಬೇಕು. ಅತ್ತೆ ಮುದ್ದೆ ತೊಳಸುತ್ತಲೇ, "ಅಯ್ಯೋ, ನಮ್ಮನ್ನ ಬಿಟ್ಟು ಹೋದ್ಯಲ್ಲಾ!" ಎಂದು ಗೋಳಾಡಬೇಕು. ಒಮ್ಮೆ ಬೀದಿಯವರು ಮಾವನೇ ಹೋದರೆಂದು ಹಾರ ತಂದುಬಿಟ್ಟರು. ಮಾವ ಅದನ್ನು ಹಾಕಿಕೊಂಡೇ ಕಾಫಿ ಕುಡಿದರು.

ಪಕ್ಕದ ಮನೆಯ ನಾನು ಖಾಯಂ ವಿದ್ಯಾರ್ಥಿನಿ, ಖಾಯಂ ಫೇಲು. "ಏನೇ ಇದು, ರಾಗಿ ಮೂಟೆ ಎಳೀತಿದ್ದೀಯಾ? ಸತ್ತೆ ನಾನು, ಹೋಗ್ ಹೇಳು!"

ಕಳೆದ ಶ್ರಾವಣದ ಒಂದು ಮಧ್ಯಾಹ್ನ ಅವರ ಸ್ವಂತ ಹಸು ಗೌರಿ ನಿಜವಾಗಿಯೇ ತಿಣುಕತೊಡಗಿದಳು. ಕರುವಿನ ಮೂತಿ ಕಂಡಿತು, ಒಂದು ಕಾಲು ಕಂಡಿತು. ಇನ್ನೊಂದು ಒಳಗೇ ಮಡಿಚಿಕೊಂಡಿತ್ತು. ಡಾಕ್ಟರು ದೊಡ್ಡಬೆಳವಂಗಲದಲ್ಲಿ ಬೇರೊಂದು ಹಸು ನೋಡುತ್ತಿದ್ದರು. "ನಾನು ಬರೋವರ್ಗೂ ಕಾದ್ರೆ ಎರಡೂ ಉಳಿಯಲ್ಲ. ಕಾಲು ಸರಿ ಮಾಡಿ," ಎಂದರು ಫೋನಿನಲ್ಲಿ. ಮಾವ ಕೈ ತೊಳೆದು ಎಣ್ಣೆ ಹಚ್ಚಿಕೊಂಡು ಗೌರಿಯ ಹಿಂದೆ ನಿಂತರು. ನಿಂತೇ ಇದ್ದರು.

"ನೀನ್ ಬಾರವ್ವಾ," ಎಂದರು. "ನಾನು ತಲೆ ಹಿಡ್ಕೊತೀನಿ."

ತಮಾಷೆ ಎಂದುಕೊಂಡು ಅವರ ಮುಖ ನೋಡಿದೆ, ತಮಾಷೆಯಾಗಿರಲಿಲ್ಲ. ನಾನೂ ಎಣ್ಣೆ ಹಚ್ಚಿಕೊಂಡೆ. ಕೈ ಹಾಕಿದೆ. ಗೌರಿ ತಿಣುಕಿದಾಗ ತೋಳನ್ನು ಒನಕೆಯಲ್ಲಿ ಜಜ್ಜಿದಂತಾಯಿತು. ತಿಣುಕು ನಿಂತಾಗ ಕರುವಿನ ತಲೆಯನ್ನು ಒಳಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತಂದೆ. ಜಾರಿತು. ಮತ್ತೆ ಹುಡುಕಿದೆ. ಮಾವ ಬೈಯಲೇ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯ!

ಕೊನೆಗೂ ಎರಡು ಕಾಲೂ ಬಂದವು, ಎಳೆದೆ. ಹುಲ್ಲಿನ ಮೇಲೆ ಬಿದ್ದ ಕರು ಅಲುಗಾಡಲಿಲ್ಲ. ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದೆ, ಆಡಿಸುತ್ತಲೇ ಇದ್ದೆ. ಸೀನಿತು!

ಮಾವ ಗೌರಿಯ ಕೊರಳಿಗೆ ಹಣೆಯಿಟ್ಟು ಗಳಗಳ ಅತ್ತರು. "ಊರೋರ್ ಹಸುಗೆಲ್ಲ ಕೈ ಹಾಕಿದ್ದೀನಿ ಕಣವ್ವಾ. ಇವ್ಳಿಗೆ ನೋವಾಗುತ್ತೆ ಅನ್ನಿಸ್ಬಿಡ್ತು. ಕೈಯೇ ಹೋಗ್ಲಿಲ್ಲ."

ಆಮೇಲೆ ಹಂಡೆಯ ಬಿಸಿನೀರು ತಂದು ನನ್ನ ಕೈಯನ್ನು ತಾವೇ ತೊಳೆದರು, ಒಂದೊಂದೇ ಬೆರಳು. ತೋಳು ಕಂದಿದ್ದಲ್ಲಿ ಅವರ ಕೈ ನಿಂತಿತು.

"ನೋವಾಯ್ತಾ ಮಗಾ?"

"ಇಲ್ಲ ಮಾವ," ಎಂದು ಸುಳ್ಳು ಹೇಳಿದೆ. ಹೇಳಿ, ಕೈಯನ್ನು ಅವರ ಕೈಯಲ್ಲೇ ಬಿಟ್ಟು ಅಳತೊಡಗಿದೆ.