ಇಪ್ಪತ್ತನೆಯ ದಿನದ ಒಳಪದರ

ತಪ್ಪು ತಾರೀಖನ್ನು ಕಂಡೂ ಸುಮ್ಮನಿರುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ವೃತ್ತಿಜೀವನವನ್ನೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆದು ನಿವೃತ್ತಳಾದವಳು ನಾನು. ತಿಥಿಗೂ ವಾರಕ್ಕೂ ತಾಳೆಯಾಗದ ತಾಮ್ರಪಟಗಳನ್ನು ಖೋಟಾ ಎಂದು ಸಾರಿ, ಅವುಗಳ ಮೇಲೆ ದೊಡ್ಡ ದೊಡ್ಡ ಲೇಖನ ಬರೆದಿದ್ದ ಎಷ್ಟೋ ಮಿತ್ರರನ್ನು ಕಳೆದುಕೊಂಡಿದ್ದೇನೆ. ಮದುವೆಯ ಕಾಗದ ಬಂದರೂ ಅಷ್ಟೆ: ಮೊದಲು ಪಂಚಾಂಗ ತೆಗೆದು ತಾರೀಖು, ವಾರ, ನಕ್ಷತ್ರ ಪರೀಕ್ಷಿಸುತ್ತೇನೆ. ಎಲ್ಲವೂ ಸರಿಯಿದ್ದರೆ ವಧೂವರರ ಹೆಸರು ಓದುತ್ತೇನೆ. ಎಷ್ಟೋ ಸಲ ಅದನ್ನು ಓದಲು ಮರೆಯುತ್ತೇನೆ.

ಮುಟ್ಟು ನಿಂತು ಹದಿನಾಲ್ಕು ವರ್ಷಗಳಾದ ಮೇಲೆ, ಈ ಚಳಿಗಾಲದ ಒಂದು ಬೆಳಿಗ್ಗೆ, ಸೀರೆಯ ಮೇಲೆ ರಕ್ತದ ಕಲೆ ಕಾಣಿಸಿತು. ದೆಹಲಿಯ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿಗೆ ಸಮೀಪದ ಕ್ಲಿನಿಕ್ಕಿನ ಡಾಕ್ಟರ್ ಮೇಡಂ, ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಬೇಕು, ಈ ವಯಸ್ಸಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು ಎಂದರು. ಅಂದು ಅದೇ ಪರೀಕ್ಷೆಗೆಂದು ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದವಳು ಸುಮಾ. ಕುಂದಾಪುರದ ಕಡೆಯವಳು, ದೆಹಲಿಯದೇ ಪೀತಮ್‌ಪುರದಲ್ಲಿ ಗಂಡನ ಮನೆಯವರದು ಇಡ್ಲಿ-ದೋಸೆಯ ಹೋಟೆಲು. ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ಕಂಡದ್ದೇ ಅವಳ ಮುಖ ಅರಳಿತು. “ಕನ್ನಡದವ್ರಾ ಆಂಟಿ? ದೇವ್ರು ಬಂದ ಹಾಗಾಯ್ತು ಮಾರಾಯ್ರೆ. ಮದುವೆ ಆಗಿ ಆರು ವರ್ಷ ಆಯ್ತು, ಮಕ್ಕಳಿಲ್ಲ. ಇದ್ರಲ್ಲಾದ್ರೂ ಎಂತದು ಅಂತ ಗೊತ್ತಾಗ್ತದೋ ಏನೋ.” ನಾವು ಫೋನ್ ನಂಬರು ಬರೆದುಕೊಂಡೆವು.

ಒಬ್ಬರ ಹಿಂದೊಬ್ಬರದು ಮುಗಿಯಿತು. ನೋವನ್ನು ವರ್ಣಿಸುವುದಿಲ್ಲ. ಎದ್ದು ಹೊರಗೆ ಬಂದಾಗ ಮೇಜಿನ ಮೇಲೆ ನಮ್ಮಿಬ್ಬರ ಚೂರುಗಳ ಎರಡು ಪುಟ್ಟ ಬಾಟಲಿಗಳಿದ್ದವು. ಎರಡರ ಚೀಟಿಯ ಮೇಲೂ ಹಿಂದಿನ ದಿನದ ತಾರೀಖು! “ಸಿಸ್ಟರ್, ಇಂದು ಬುಧವಾರ” ಎಂದೆ. ಕೇರಳದ ಆ ಹಿರಿಯ ನರ್ಸು, “ಒಂದು ದಿನದಿಂದ ಏನೂ ಆಗಲ್ಲ ಮೇಡಂ” ಎಂದರು. ಒಂದು ದಿನದಿಂದ ಏನೇನು ಆಗುತ್ತದೆ ಎಂಬುದನ್ನು ನಾನು ವಿಸ್ತಾರವಾಗಿ ತಿಳಿಸಿದೆ. ಆಕೆ ಹಲ್ಲು ಕಚ್ಚಿ ಎರಡೂ ಚೀಟಿಗಳನ್ನು ಕಿತ್ತು, ಹೊಸದಾಗಿ ಬರೆದು ಅಂಟಿಸಿದರು. ನಾನು ಕನ್ನಡಕ ಏರಿಸಿ ಪರಿಶೀಲಿಸಿದೆ: ತಾರೀಖು ಎರಡರ ಮೇಲೂ ನಿಷ್ಕಳಂಕವಾಗಿತ್ತು.

ವಾರದ ನಂತರ ವರದಿ ಬಂತು. ಒಳಪದರದ ಗ್ರಂಥಿಗಳ ಆಕಾರ ನೋಡಿ, ಅದು ತಿಂಗಳ ಚಕ್ರದ ಎಷ್ಟನೆಯ ದಿನದ್ದು ಎಂದು ಸೂಕ್ಷ್ಮದರ್ಶಕದಲ್ಲಿಯೇ ಹೇಳುತ್ತಾರಂತೆ. ಅಕ್ಷರದ ತಿರುವು ನೋಡಿ ನಾವು ಶತಮಾನ ಹೇಳುವ ಹಾಗೆ. ನನ್ನದು ಸುಮಾರು ಇಪ್ಪತ್ತನೆಯ ದಿನದ್ದು, ಗರ್ಭ ಧರಿಸಲು ಅಣಿಯಾಗುತ್ತಿರುವ ಪದರ, ಕ್ಯಾನ್ಸರ್ ಲಕ್ಷಣಗಳಿಲ್ಲ ಎಂದಿತ್ತು. ನನ್ನನ್ನು ಮೂವತ್ತು ವರ್ಷ ಚಿಕ್ಕವಳೆಂದು ಸಾರುವ ದಾಖಲೆ ಬದುಕಿನಲ್ಲಿ ಮತ್ತೊಂದು ಸಿಗಲಾರದು. ಸುಳ್ಳೇಕೆ ಹೇಳಲಿ, ಅರ್ಧ ದಿನ ಅದನ್ನು ಮತ್ತೆ ಮತ್ತೆ ಓದಿದೆ.

ಸೇನೆಯಿಂದ ನಿವೃತ್ತರಾದ ನಮ್ಮ ಯಜಮಾನರಿಗೆ ಒಂದೇ ಸಾಲು ಸಾಕಿತ್ತು. “ಕ್ಯಾನ್ಸರ್ ಇಲ್ಲ ಅಂದ್ರಲ್ಲ, ಚಲೋ, ಮುಗೀತು. ಎಷ್ಟನೇ ದಿನ ಆದ್ರೆ ನಿಂಗೇನೇ?”

“ರೀ, ಈ ಪದರ ನಂದಲ್ಲ. ಅಂದ್ಮೇಲೆ ಕ್ಯಾನ್ಸರ್ ಇಲ್ಲ ಅನ್ನೋ ಮಾತೂ ನಂದಲ್ಲ.”

ಅವರು ಪತ್ರಿಕೆ ಕೆಳಗಿಟ್ಟರು. ಕಾರಿನ ಕೀಲಿ ಹುಡುಕತೊಡಗಿದರು.

ಡಾಕ್ಟರ್ ಮೇಡಂ ಹುಬ್ಬೇರಿಸಿ, ಹಾರ್ಮೋನ್ ಗುಳಿಗೆ ಏನಾದರೂ ನುಂಗುತ್ತಿದ್ದೀರಾ ಎಂದು ಕೇಳಿದರು. ಇಲ್ಲವೆಂದೆ. “ಹಾಗಾದ್ರೆ ಮುಟ್ಟು ನಿಂತ ವರ್ಷ ನೀವೇ ಮರೆತಿರಬಹುದು ಆಂಟೀಜೀ.” ನಾನು! ಮರೆಯುವುದು! ಮರುದಿನ ಪುರಾವೆಯೊಂದಿಗೆ ಹೋದೆ. ನಮ್ಮ ಅತ್ತೆಯವರು ಬದುಕಿದ್ದಷ್ಟು ಕಾಲ, ನಾನು ದೇವರ ಮನೆಗೆ ಬರಬಾರದ ದಿನಗಳಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಆ ಸುತ್ತುಗಳನ್ನು ಕಂಡು ನಾನು ಒಳಗೇ ಕುದಿದಿದ್ದೇನೆ. ಆದರೆ ಮೂಲ ಆಕರವನ್ನು ಎಸೆಯುವವಳಲ್ಲ. ಹದಿನಾಲ್ಕು ವರ್ಷ ಹಿಂದಿನ ಕ್ಯಾಲೆಂಡರಿನಲ್ಲಿ ಮಾರ್ಚ್ ತಿಂಗಳಲ್ಲಿ ಕೊನೆಯ ಸುತ್ತು, ಅಲ್ಲಿಂದಾಚೆ ಅವರು ತೀರಿಕೊಳ್ಳುವವರೆಗಿನ ಎರಡು ವರ್ಷದ ಹಾಳೆಗಳು ಖಾಲಿ. ಮೇಜಿನ ಮೇಲೆ ಅವನ್ನು ಹರಡಿದಾಗ ಡಾಕ್ಟರ್ ಮೇಡಂ ಬಹಳ ಹೊತ್ತು ನೋಡಿದರು. “ನಿಮ್ಮ ಅತ್ತೆಯವರನ್ನ ನಮ್ಮ ರೆಕಾರ್ಡ್ ರೂಮಿಗೆ ಕರ್ಕೊಳ್ಳಬೇಕಿತ್ತು” ಎಂದರು.

ಅಲ್ಲಿಂದಲೇ ಸುಮಾಳಿಗೆ ಫೋನು ಮಾಡಿದೆ. ಅವಳ ದನಿ ಒಡೆದಿತ್ತು. “ನಂದು ಒಣಗಿ ಹೋಗಿದೆಯಂತೆ ಆಂಟಿ. ಅರವತ್ತು ವರ್ಷದ ಮುದುಕಿಯದ್ದು ಇದ್ದ ಹಾಗೆ ಇದೆ ಅಂತ ಹೇಳಿದ್ರು. ಅತ್ತೆಗೆ ಎಂತ ಹೇಳುದು ನಾನು?”

“ಅರವತ್ತಲ್ಲಮ್ಮ, ಅರವತ್ತಾರು ವರ್ಷ ನಾಲ್ಕು ತಿಂಗಳು. ಅಳಬೇಡ. ಅದು ನನ್ನದು.”

ಮತ್ತೆ ಅತ್ತಳು, ಆದರೆ ಆ ಅಳುವಿನ ಜಾತಿ ಬೇರೆ.

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಈ ಅದಲುಬದಲಿಗೆ ಕಾರಣ ಯಾರೆಂಬುದನ್ನು ಲಿಖಿತವಾಗಿ ನಿರ್ಣಯಿಸಲೇಬೇಕೆಂದು ನಾನು ಪಟ್ಟು ಹಿಡಿದೆ. ಸಿಸ್ಟರನ್ನು ಕರೆಸಿದರು. ಆಕೆ ಶಾಂತವಾಗಿ ಹೇಳಿದರು: “ಮೇಡಂ, ಮೊದಲು ಅಂಟಿಸಿದ್ದ ಚೀಟಿಯಲ್ಲಿ ಹೆಸರು ಸರಿಯಾಗೇ ಇತ್ತು. ಎರಡನ್ನೂ ಕೀಳಿಸಿದ್ದು ಯಾರು? ಅಂಟಿಸಿದ ಮೇಲೆ ಕನ್ನಡಕ ಹಾಕ್ಕೊಂಡು ನೋಡಿ ‘ಈಗ ಸರಿಯಾಯ್ತು’ ಅಂದದ್ದು ಯಾರು?” ಯಜಮಾನರು ಕಿಟಕಿಯಾಚೆಯ ವಿಮಾನವನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದರು.

ಇಬ್ಬರಿಗೂ ಮತ್ತೊಮ್ಮೆ ಬಯಾಪ್ಸಿ ಆಯಿತು. ನನ್ನದು ತೆಳುವಾದ, ವಯಸ್ಸಿಗೆ ತಕ್ಕ ಪದರ, ಕ್ಯಾನ್ಸರ್ ಇಲ್ಲ. ಈ ಸಲ ಆ ಮಾತು ನನ್ನದೇ. ಮುಂದಿನ ತಿಂಗಳು ಸುಮಾಳ ಸರದಿ. ನನ್ನ ದೆಸೆಯಿಂದ ಅವಳು ಎರಡನೆಯ ಸಲ ಆ ನೋವು ತಿನ್ನಬೇಕಾಯಿತಲ್ಲ ಎಂದು ಜೊತೆಗೆ ಹೋದೆ, ಕೈ ಹಿಡಿದುಕೊಂಡೆ, ಬಾಟಲಿಯ ಮೇಲಿನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ಅವಳ ವರದಿಯಲ್ಲಿ ಇಪ್ಪತ್ತೊಂದನೆಯ ದಿನದ ಸೊಂಪಾದ ಪದರವಿತ್ತು. ಹೋಟೆಲಿನಿಂದ ಒಂದು ಡಬ್ಬ ಮೈಸೂರುಪಾಕು ಬಂತು.

ಒಂದನ್ನು ಮಾತ್ರ ಅವಳಿಗೆ ಈವರೆಗೆ ಹೇಳಿಲ್ಲ. ಆ ಬಾಟಲಿಯ ಮೇಲೆ ಹೆಸರಿನ ಕೆಳಗೆ ತಾರೀಖೂ ಇತ್ತು. ಹಿಂದಿನ ದಿನದ್ದು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡಕ ತೆಗೆದು, ಮಡಿಸಿ, ಚೀಲದೊಳಗೆ ಇಟ್ಟುಕೊಂಡೆ.