ಶೀರಾ ಸೂಚ್ಯಂಕ

ಗೊತ್ತಿಲ್ಲದ್ದನ್ನು ಗೊತ್ತಿದ್ದವನಂತೆ ಹೇಳುವುದಕ್ಕೇ ನನಗೆ ಸಂಬಳ ಬರುತ್ತದೆ. ಮುಂಬಯಿಯ ಫೋರ್ಟಿನ ಒಂದು ಕಚೇರಿಯಲ್ಲಿ ಕುಳಿತು ಷೇರುಪೇಟೆಯ ಬಗ್ಗೆ ವರದಿ ಬರೆಯುವವನು ನಾನು. ಅದು ಸಾಲದೆಂದು ಇಲ್ಲಿಯ ಕನ್ನಡ ಪತ್ರಿಕೆಯೊಂದಕ್ಕೆ ತಿಂಗಳಿಗೊಂದು ಲೇಖನವನ್ನೂ ಕೊಡುತ್ತೇನೆ. ದೇಶ ಬೆಳೆದಂತೆ ಪೇಟೆ ಬೆಳೆಯುತ್ತದೆ, ಪೇಟೆ ಬೆಳೆದಂತೆ ಅರ್ಥವ್ಯವಸ್ಥೆಗೆ ಸ್ಥಿರತೆ ಬರುತ್ತದೆ ಎಂದು ನಾನು ಬರೆದದ್ದನ್ನು ಓದಿ ನನ್ನ ಹೆಂಡತಿ, "ನಮ್ಮನೆ ಊಟದ ಮೇಜಿನ ಕಾಲಿಗೆ ಇನ್ನೂ ರಟ್ಟು ಕೊಟ್ಟಿದೀವಿ, ಅದಕ್ಕೆ ಯಾವಾಗ ಬರತ್ತೆ?" ಎಂದು ಕೇಳಿದ್ದಳು.

ನಿಜ ಹೇಳಿಬಿಡುತ್ತೇನೆ. ನನ್ನ ಲೇಖನಗಳಿಗೆ ಆಧಾರ ಅಂಕಿಅಂಶವಲ್ಲ, ಶೀರಾ. ನಮ್ಮ ಮೈಸೂರಿನ ಕೇಸರಿಬಾತಿಗೆ ಮುಂಬಯಿಯಲ್ಲಿ ಆ ಹೆಸರು. ಕಚೇರಿಯ ಕೆಳಗೇ ಉಡುಪಿ ಕಡೆಯ ಸದಾಶಿವಣ್ಣನ ಹೋಟೆಲು. ದಲ್ಲಾಳಿಗಳು, ಗುಮಾಸ್ತರು ಎಲ್ಲ ಅಲ್ಲಿಗೇ ಬರುತ್ತಿದ್ದರು. ಪೇಟೆ ಏರಿದ ದಿನ ದೋಸೆಯ ಜೊತೆಗೊಂದು ಶೀರಾ, ಇಳಿದ ದಿನ ಬರೀ ಅರ್ಧ ಲೋಟದ ಕಟಿಂಗ್ ಚಹಾ. ಹದಿನೈದು ವರ್ಷ ಇದನ್ನು ನೋಡಿದ್ದೇನೆ. ಕಳೆದ ವರ್ಷ ಒಂದು ತಿಂಗಳು ಶೀರಾ ಹತ್ತು ಗಂಟೆಗೇ ಖಾಲಿಯಾಗತೊಡಗಿತು. ಜನರಿಗೆ ಧೈರ್ಯ ಬಂದಿದೆ, ಇನ್ನು ಪೇಟೆಗೆ ಭಯವಿಲ್ಲ ಎಂದು ಬರೆದೇಬಿಟ್ಟೆ.

ಆಮೇಲೆ ಪೇಟೆ ಬಿತ್ತು. ಮೊನ್ನೆ ಸದಾಶಿವಣ್ಣ ಹೋಟೆಲು ಮುಚ್ಚಿದರು. ಕೊನೆಯ ದಿನ ನನ್ನೆದುರು ಕುಳಿತು, "ಕಂಡಕಂಡವರ ಮಾತು ಕೇಳಿದ್ದಲ್ಲ ಸಾರ್. ನೀವು ಬರೆದದ್ದು ಓದಿ ಧೈರ್ಯ ಬಂತು. ಇದ್ದದ್ದನ್ನೆಲ್ಲ ಷೇರಿಗೆ ಹಾಕಿದೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಚಿಕೆ ಬಿಟ್ಟು ಶೀರಾದ ಕಥೆ ಹೇಳಿದೆ. ಅವರು ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದರು.

"ಆ ತಿಂಗಳಾ? ಅದು ಧೈರ್ಯ ಅಲ್ಲ ಮಾರಾಯ್ರೆ. ಎದುರಿನ ಹೋಟೆಲು ರಿಪೇರಿಗೆ ಅಂತ ಬಂದ್ ಇತ್ತಲ್ಲ, ಅವರ ಗಿರಾಕಿಗಳೆಲ್ಲ ಇಲ್ಲಿಗೆ ಬಂದದ್ದು."

ಮುಚ್ಚಿದ ಆ ಬಾಗಿಲಿಗೆ ಬೆನ್ನು ಹಾಕಿಯೇ ನಾನು ತಿಂಗಳಿಡೀ ತಿಂಡಿ ತಿಂದಿದ್ದೆ.

ಹೊರಡುವಾಗ, "ನಿಮ್ಮ ಮನೆಯವರಿಗೆ ಕೊಡಿ" ಎಂದು ಒಂದು ಪೊಟ್ಟಣ ಶೀರಾ ಕೈಗಿಟ್ಟರು. ದುಡ್ಡು ಮುಟ್ಟಲಿಲ್ಲ. ಮುಲುಂಡಿಗೆ ಹೋಗುವ ಲೋಕಲ್ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಅಳು ಬಂತು. ಪಕ್ಕದವರು ಕಿಟಕಿಯ ಕಡೆಯ ಜಾಗ ಬಿಟ್ಟುಕೊಟ್ಟರು.

ಸದಾಶಿವಣ್ಣನ ಗಿರಾಕಿಗಳು ಇನ್ನು ಎದುರಿನ ಹೋಟೆಲಿಗೇ ಹೋಗಬೇಕು. ಅಲ್ಲೂ ಶೀರಾ ಹತ್ತು ಗಂಟೆಗೇ ಖಾಲಿಯಾಗುತ್ತದೆ. ಅದನ್ನು ನೋಡಿ ಜನರಿಗೆ ಧೈರ್ಯ ಬಂದಿದೆ ಎಂದು ಬರೆಯಲು ಪಂಡಿತನೊಬ್ಬ ಅಲ್ಲಿ ಕುಳಿತಿರುತ್ತಾನೆ. ಬೇರೆ ಯಾರೂ ಇಲ್ಲದಿದ್ದರೆ ನಾನೇ. ತಿಂಡಿಗೆ ನಾನಾದರೂ ಇನ್ನೆಲ್ಲಿಗೆ ಹೋಗಲಿ?